ಹೆಣ್ಣುನಾಯಿಯ ಬೆದೆಗಾಲ ಮತ್ತು ಅದರ ಆರೈಕೆ

ಹೊಲ, ತೋಟ, ಕಣ, ಕುರಿಹಟ್ಟಿಗಳ ಕಾವಲಿಗೆ ನಾಯಿಯಷ್ಟು ಉಪಯುಕ್ತವಾದ ಪ್ರಾಣಿ ಬೇರೊಂದಿಲ್ಲ. ಆದರೂ ಹೆಣ್ಣುಮರಿಯನ್ನು ಸಾಕಲು ಅನೇಕರು ಹಿಂಜರಿಯುತ್ತಾರೆ. ಅದು ಬೆದೆಗೆ ಬಂದಾಗ ಊರಿನ ಗಂಡುನಾಯಿಗಳೆಲ್ಲ ಬಾಗಿಲಿನಲ್ಲಿ ನೆರೆಯುವುದೂ, ಬೇಡದ ಮರಿಗಳಾಗುವುದೂ ಇದಕ್ಕೆ ಕಾರಣ. ಬೆದೆಯ ಕ್ರಮವನ್ನು ಸರಿಯಾಗಿ ತಿಳಿದು ಸುಮಾರು ಮೂರು ವಾರಗಳ ಕಾಲ ಎಚ್ಚರಿಕೆಯಿಂದ ನಡೆದುಕೊಂಡರೆ ಈ ತೊಂದರೆಯು ಬಹುಮಟ್ಟಿಗೆ ತಪ್ಪುವುದು.

ಬೆದೆಯ ಲಕ್ಷಣಗಳು

ಹೆಣ್ಣುನಾಯಿಯು ಸಾಮಾನ್ಯವಾಗಿ 6 ರಿಂದ 12 ತಿಂಗಳ ವಯಸ್ಸಿನಲ್ಲಿ ಮೊದಲ ಸಲ ಬೆದೆಗೆ ಬರುತ್ತದೆ. ದೊಡ್ಡ ಜಾತಿಯ ನಾಯಿಗಳಲ್ಲಿ ಇದು ಇನ್ನೂ ತಡವಾಗಬಹುದು. ಆ ಮೇಲೆ ಸುಮಾರು 6 ಅಥವಾ 7 ತಿಂಗಳಿಗೊಮ್ಮೆ ಬೆದೆ ಮರುಕಳಿಸುತ್ತದೆ.

ಬೆದೆಯಲ್ಲಿ ಎರಡು ಹಂತಗಳುಂಟು. ಮೊದಲನೆಯ ಹಂತದಲ್ಲಿ ಯೋನಿದ್ವಾರವು ಊದಿಕೊಂಡು ರಕ್ತಮಿಶ್ರಿತ ದ್ರವವು ತೊಟ್ಟಿಕ್ಕುತ್ತದೆ. ನಾಯಿಯು ಪದೇ ಪದೇ ಮೂತ್ರ ಮಾಡುತ್ತದೆ. ಆ ಭಾಗವನ್ನು ನೆಕ್ಕಿಕೊಳ್ಳುತ್ತದೆ. ಮೂತ್ರದ ವಾಸನೆಯಿಂದ ಗಂಡುನಾಯಿಗಳು ದೂರದಿಂದಲೂ ಬರುತ್ತವೆ. ಆದರೆ ಹೆಣ್ಣು ಅವುಗಳನ್ನು ಬಳಿಗೆ ಸೇರಿಸದೆ ಗುರುಗುಟ್ಟಿ ಓಡಿಸುತ್ತದೆ. ಈ ಸ್ಥಿತಿಯು ಸುಮಾರು 9 ದಿವಸಗಳಿರುತ್ತದೆ.

ಎರಡನೆಯ ಹಂತದಲ್ಲಿ ರಕ್ತದ ಬಣ್ಣವು ಕಡಮೆಯಾಗಿ ದ್ರವವು ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಊತವು ಮೆತ್ತಗಾಗುತ್ತದೆ. ಬೆನ್ನಿನ ಹಿಂಭಾಗವನ್ನು ಮುಟ್ಟಿದರೆ ನಾಯಿಯು ಬಾಲವನ್ನು ಒಂದು ಕಡೆಗೆ ಸರಿಸಿ ನಿಲ್ಲುತ್ತದೆ. ಗರ್ಭ ನಿಲ್ಲತಕ್ಕ ಕಾಲವು ಇದೇ. ಇದೂ ಸಾಧಾರಣವಾಗಿ 9 ದಿವಸಗಳಷ್ಟಿರುತ್ತದೆ. ಕೆಲವು ನಾಯಿಗಳಲ್ಲಿ ಈ ಅವಧಿಗಳು ಹೆಚ್ಚು ಕಡಮೆಯಾಗುವುದುಂಟು.

ಸಾಮಾನ್ಯವಾಗಿ ಆಗುವ ತಪ್ಪು

ರಕ್ತವು ನಿಂತೊಡನೆ ಬೆದೆಯು ಮುಗಿಯಿತೆಂದು ತಿಳಿದು ನಾಯಿಯನ್ನು ಬಿಟ್ಟುಬಿಡುವುದು ದೊಡ್ಡ ತಪ್ಪು. ಹೆಂಗಸರ ಮುಟ್ಟಿಗೂ ನಾಯಿಯ ರಕ್ತಸ್ರಾವಕ್ಕೂ ಸಂಬಂಧವಿಲ್ಲ. ನಾಯಿಯಲ್ಲಿ ರಕ್ತವು ಅಂಡವು ಹೊರಬೀಳುವುದಕ್ಕೆ ಮುಂಚೆ, ಗರ್ಭಾಶಯವು ಸಿದ್ಧವಾಗುತ್ತಿರುವಾಗ ಬರುತ್ತದೆ. ಆದಕಾರಣ ರಕ್ತವು ತಿಳಿಯಾಗುವ ದಿವಸಗಳೇ ಅತ್ಯಂತ ಕಾವಲಿರಬೇಕಾದ ದಿವಸಗಳು. ಗಂಡಿನ ವೀರ್ಯವು ಹೆಣ್ಣಿನ ದೇಹದಲ್ಲಿ ಹಲವು ದಿವಸ ಜೀವಂತವಾಗಿರಬಲ್ಲದು. ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಗಳಿರುವುದೂ ಸಾಧ್ಯ. ಮುಧೋಳದ ಬೇಟೆನಾಯಿಯಂಥ ಒಳ್ಳೆಯ ತಳಿಯನ್ನು ಸಾಕುವವರು ಒಂದು ಘಳಿಗೆ ಮೈಮರೆತರೂ ಆ ಸೂಲಿನ ಶುದ್ಧತೆಯು ಕೆಡುತ್ತದೆ.

ಆರೈಕೆ

ಮೊದಲ ರಕ್ತದ ತೊಟ್ಟು ಕಂಡ ದಿವಸವನ್ನು ಗೋಡೆಯ ಮೇಲಾಗಲಿ ಪುಸ್ತಕದಲ್ಲಾಗಲಿ ಗುರುತು ಹಾಕಿಟ್ಟುಕೊಳ್ಳತಕ್ಕದ್ದು. ಅಲ್ಲಿಂದ ಕನಿಷ್ಠಪಕ್ಷ ಮೂರು ವಾರ, ಊತವು ಪೂರ್ತಿಯಾಗಿ ಇಳಿಯುವ ತನಕ, ಬಾಗಿಲು ಭದ್ರವಾಗಿರುವ ಕೋಣೆಯಲ್ಲಿ ಅದನ್ನು ಇರಿಸಬೇಕು. ಅಂಗಳದಲ್ಲಿ ಬರಿಯ ಹಗ್ಗದಿಂದ ಕಟ್ಟಿದರೆ ಸಾಲದು. ಗಂಡುನಾಯಿಗಳು ಬೇಲಿ ಹಾರಿ ಬರುತ್ತವೆ. ಹೊರಗೆ ಕರೆದೊಯ್ಯುವಾಗ ಹಗ್ಗವನ್ನು ಕೈಯಲ್ಲೇ ಹಿಡಿದಿರಬೇಕು. ಹಾಸನ್ನು ದಿನವೂ ಬದಲಾಯಿಸಿ, ಶುದ್ಧವಾದ ನೀರನ್ನೂ ಎಂದಿನ ಆಹಾರವನ್ನೂ ಕೊಡಬೇಕು.

ಮರಿಗಳು ಬೇಕೆನ್ನುವವರು ಮೊದಲನೆಯ ಬೆದೆಯಲ್ಲಿ ಕೂಡಿಸಬಾರದು. ನಾಯಿಯ ಮೈ ಪೂರ್ತಿಯಾಗಿ ಬೆಳೆದಿರಬೇಕು. ಸಾಮಾನ್ಯವಾಗಿ 10 ರಿಂದ 14 ನೆಯ ದಿವಸದೊಳಗೆ, ಒಂದು ದಿವಸ ಬಿಟ್ಟು ಎರಡು ಸಲ ಕೂಡಿಸುವುದು ವಾಡಿಕೆ. ಕೂಡಿದ ಮೇಲೆ ಗಂಡು ಹೆಣ್ಣುಗಳು ಒಂದಕ್ಕೊಂದು ಸಿಕ್ಕಿಕೊಂಡು ಸುಮಾರು ಅರ್ಧ ಗಂಟೆಯವರೆಗೂ ನಿಲ್ಲುವುದುಂಟು. ಇದು ಸಹಜ. ಹುಡುಗರು ಕಲ್ಲೆಸೆಯುವುದು, ನೀರೆರಚುವುದು, ಎಳೆದು ಬಿಡಿಸುವುದು ಕ್ರೂರವಷ್ಟೇ ಅಲ್ಲದೆ ಎರಡಕ್ಕೂ ಗಾಯವನ್ನುಂಟುಮಾಡುತ್ತದೆ. ಗರ್ಭದ ಅವಧಿಯು ಸುಮಾರು 63 ದಿವಸ.

ಮರಿಗಳು ಬೇಡವಾದವರಿಗೆ ಗರ್ಭಾಶಯವನ್ನೂ ಅಂಡಾಶಯಗಳನ್ನೂ ಶಸ್ತ್ರಕ್ರಿಯೆಯಿಂದ ತೆಗೆಸುವುದೇ ಶಾಶ್ವತವಾದ ಉಪಾಯ. ಬೆದೆಯಲ್ಲಿರುವಾಗ ಆ ಭಾಗದ ರಕ್ತನಾಳಗಳು ತುಂಬಿಕೊಂಡಿರುವುದರಿಂದ, ಬೆದೆ ಕಳೆದು ಎರಡು ಮೂರು ತಿಂಗಳಾದ ಮೇಲೆ ಇದನ್ನು ಮಾಡಿಸುವುದು ಮೇಲು. ಬೆದೆಯನ್ನು ತಡೆಯುವ ಮಾತ್ರೆಗಳನ್ನು ಪಶುವೈದ್ಯರನ್ನು ಕೇಳದೆ ಕೊಡಲಾಗದು; ಅವುಗಳಿಂದ ಗರ್ಭಾಶಯದ ರೋಗವು ಬರುವ ಸಂಭವವುಂಟು.

ಅಪಾಯದ ಸೂಚನೆಗಳು

ಬೆದೆ ಮುಗಿದ ಒಂದೆರಡು ತಿಂಗಳೊಳಗೆ ನಾಯಿಯು ಮೇವು ಬಿಟ್ಟು ಮಂಕಾಗಿ, ಅತಿಯಾಗಿ ನೀರು ಕುಡಿದು, ವಾಂತಿ ಮಾಡಿಕೊಂಡರೆ, ಅಥವಾ ಯೋನಿಯಿಂದ ಕೀವು ಸೋರಿದರೆ, ಗರ್ಭಾಶಯದಲ್ಲಿ ಕೀವು ತುಂಬಿದೆಯೆಂದು ಶಂಕಿಸಬೇಕು. ವಯಸ್ಸಾದ ನಾಯಿಗಳಲ್ಲಿ ಇದು ಹೆಚ್ಚು. ಕೀವು ಹೊರಗೆ ಕಾಣದೆ ಒಳಗೇ ನಿಂತರೆ ಅಪಾಯವು ಇನ್ನೂ ಅಧಿಕ. ಮನೆಮದ್ದಿನಲ್ಲಿ ಕಾಲ ಕಳೆಯದೆ ಅದೇ ದಿವಸ ಪಶುವೈದ್ಯಶಾಲೆಗೆ ಕರೆದೊಯ್ಯಬೇಕು. ತಡಮಾಡಿದರೆ ನಾಯಿಯು ಸಾಯುತ್ತದೆ.

ಬೆದೆಗಾಲದಲ್ಲಿ ಅಪರಿಚಿತ ನಾಯಿಗಳು ನೆರೆದು ಕಚ್ಚಾಡುವುದರಿಂದ ಹುಚ್ಚುನಾಯಿ ರೋಗವು ಹರಡಲು ಅವಕಾಶವಾಗುತ್ತದೆ. ನಾಯಿಗೆ ಮುಂಚಿತವಾಗಿಯೇ ಈ ರೋಗದ ಲಸಿಕೆಯನ್ನು ಹಾಕಿಸಿರಬೇಕು. ನೆರೆದ ನಾಯಿಗಳನ್ನು ಚದುರಿಸಲು ಮಕ್ಕಳನ್ನು ಕಳುಹಿಸಬಾರದು. ಯಾರಿಗಾದರೂ ಕಚ್ಚಿದರೆ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದನ್ನು ತೆಗೆದುಕೊಳ್ಳತಕ್ಕದ್ದು. ರೋಗದ ಚಿಹ್ನೆಗಳು ಕಾಣಿಸಿಕೊಂಡ ಮೇಲೆ ಬದುಕುವುದು ಅತಿ ವಿರಳ.

ಬಾಗಿಲನ್ನು ಮೂರು ವಾರ ಭದ್ರವಾಗಿಡುವುದು ದೊಡ್ಡ ಶ್ರಮವಲ್ಲ. ಇಷ್ಟನ್ನು ಪಾಲಿಸುವ ಮನೆಯಲ್ಲಿ ಹೆಣ್ಣುನಾಯಿಯು ಹೊರೆಯಾಗದೆ, ಗಂಡುನಾಯಿಯಂತೆಯೇ ನಂಬಿಕೆಯ ಕಾವಲುಗಾರನಾಗಿ ಬಹುಕಾಲ ಬಾಳುವುದು.