ಹಾಸ್ಟೆಲೋ, ಮನೆಯೋ? ಲೋಕಲ್ ರೈಲಿನ ಲೆಕ್ಕವೂ ಇರಲಿ

ಮುಂಬಯಿ: ಹನ್ನೆರಡನೆಯ ತರಗತಿಯ ಫಲಿತಾಂಶ ಬಂದೊಡನೆ ಮಹಾನಗರದ ತುಳು-ಕನ್ನಡಿಗರ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ ಯಾವ ಕಾಲೇಜು ಎಂಬುದು. ಅದರ ಬೆನ್ನಿಗೇ ಬರುವುದು, ಮಕ್ಕಳು ಮನೆಯಿಂದಲೇ ಹೋಗಿ ಬರುವುದೋ, ಹಾಸ್ಟೆಲ್‌ನಲ್ಲಿ ಇರುವುದೋ ಎಂಬ ಪ್ರಶ್ನೆ. ಹೆಚ್ಚಿನ ಮನೆಗಳಲ್ಲಿ ಇದನ್ನು ತೀರ್ಮಾನಿಸುವುದು ಖರ್ಚಿನ ಲೆಕ್ಕ ಅಥವಾ ಹೆತ್ತವರ ಆತಂಕ. ವಿದ್ಯಾರ್ಥಿಯ ಸಮಯದ ಲೆಕ್ಕ ಹಾಕುವವರು ಕಡಿಮೆ.

ಹಿಂದಿನ ತಲೆಮಾರಿನ ಅನೇಕರಿಗೆ ಇಂತಹ ಆಯ್ಕೆಯೇ ಇರಲಿಲ್ಲ. ಊರಿನಿಂದ ಬಂದ ಹುಡುಗರು ಹಗಲು ಹೊಟೇಲು, ಕ್ಯಾಂಟೀನುಗಳಲ್ಲಿ ದುಡಿದು, ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು, ಕೆಲಸದ ಜಾಗದಲ್ಲೇ ಮಲಗುತ್ತಿದ್ದರು. ಹಾಗೆ ಕಲಿತು ಮೇಲೆ ಬಂದವರು ಮುಂದೆ ಡೊಂಬಿವಲಿ, ಮೀರಾರೋಡ್, ವಿರಾರ್‌ನಂತಹ ಕಡೆಗಳಲ್ಲಿ ಮನೆ ಮಾಡಿದರು. ಸ್ವಂತ ಮನೆಯೇನೋ ಆಯಿತು, ಮಕ್ಕಳ ಕಾಲೇಜು ದೂರವಾಯಿತು.

ವಿರಾರ್‌ನಿಂದ ಚರ್ಚ್‌ಗೇಟ್‌ಗೆ ಸುಮಾರು 60 ಕಿ.ಮೀ., ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಸುಮಾರು 48 ಕಿ.ಮೀ. ಫಾಸ್ಟ್ ಲೋಕಲ್ ಹಿಡಿದರೂ ಒಂದು ಗಂಟೆಗೂ ಮಿಕ್ಕಿದ ಪ್ರಯಾಣ. ಸ್ಟೇಷನ್ನಿನವರೆಗಿನ ರಿಕ್ಷಾ, ಇಳಿದ ಮೇಲಿನ ನಡಿಗೆ ಸೇರಿ ಒಂದು ಕಡೆಗೆ ಎರಡು ಗಂಟೆ ತಗಲುತ್ತದೆ ಎಂದಿಟ್ಟುಕೊಂಡರೂ ವಾರದ ಆರು ದಿನಗಳಲ್ಲಿ 24 ಗಂಟೆ, ಅಂದರೆ ಒಂದು ಇಡೀ ದಿನ, ಪ್ರಯಾಣದಲ್ಲೇ ಕಳೆಯುತ್ತದೆ. ಬೆಳಗ್ಗಿನ ತರಗತಿ ಮುಗಿಸಿ ಮರಳುವ ವಾಣಿಜ್ಯ ವಿದ್ಯಾರ್ಥಿಗೆ ಇದು ಹೇಗೋ ಸರಿದೂಗಬಹುದು. ಸಂಜೆಯವರೆಗೆ ಪ್ರಯೋಗಾಲಯದಲ್ಲಿರುವ ಇಂಜಿನಿಯರಿಂಗ್ ವಿದ್ಯಾರ್ಥಿಗೆ, ಆಸ್ಪತ್ರೆಯ ಪಾಳಿ ಮಾಡುವ ವೈದ್ಯಕೀಯ ವಿದ್ಯಾರ್ಥಿಗೆ ಓದಲು ಉಳಿಯುವುದು ನಿದ್ದೆಯ ಸಮಯ ಮಾತ್ರ.

ಹಾಗೆಂದು ಹಾಸ್ಟೆಲ್ ಎಲ್ಲರ ಕೈಗೆಟಕುವುದೂ ಇಲ್ಲ. ಪವಾಯಿಯ ಐಐಟಿಯಂತಹ ವಸತಿ ಸಂಸ್ಥೆಗಳ ಮಾತು ಬೇರೆ. ನಗರದ ಅನೇಕ ಕಾಲೇಜುಗಳಿಗೆ ಸ್ವಂತ ಹಾಸ್ಟೆಲ್ ಇಲ್ಲ, ಇದ್ದಲ್ಲಿಯೂ ಹೊರಊರಿನವರಿಗೇ ಸಾಮಾನ್ಯವಾಗಿ ಮೊದಲ ಆದ್ಯತೆ. ಉಳಿದದ್ದು ಪೇಯಿಂಗ್ ಗೆಸ್ಟ್ ವ್ಯವಸ್ಥೆ. ಅಲ್ಲಿ ಡಿಪಾಸಿಟ್, ಬಾಡಿಗೆ, ಊಟದ ಖರ್ಚು ಎಲ್ಲವೂ ಬೇರೆ ಬೇರೆ. ಮನೆಯಲ್ಲಿದ್ದರೆ ರಿಯಾಯಿತಿಯ ರೈಲ್ವೆ ಪಾಸ್, ಅಮ್ಮನ ಕೈಯಡುಗೆ, ಜ್ವರ ಬಂದರೆ ಹತ್ತಿರ ಒಬ್ಬರು. ಆದರೆ ಒಂದೇ ಕೋಣೆಯ ಮನೆಯಲ್ಲಿ ಟಿವಿ, ಬಂದು ಹೋಗುವ ನೆಂಟರ ನಡುವೆ ಪುಸ್ತಕ ಹಿಡಿಯುವುದೂ ಸುಲಭವಲ್ಲ.

ಮೂರನೆಯ ದಾರಿ ಊರಿನದು. ಅಜ್ಜ-ಅಜ್ಜಿ ಹತ್ತಿರವಿದ್ದಾರೆಂಬ ಧೈರ್ಯದಲ್ಲಿ ಹತ್ತನೆಯ ತರಗತಿ ಮುಗಿದೊಡನೆ ಮಂಗಳೂರು, ಮೂಡುಬಿದಿರೆಯ ಕಾಲೇಜುಗಳಿಗೆ ಸೇರಿಸಿ ಹಾಸ್ಟೆಲ್‌ನಲ್ಲಿ ಬಿಡುವವರಿದ್ದಾರೆ. ಇಲ್ಲೊಂದು ಎಚ್ಚರ ಅಗತ್ಯ. ಮಹಾರಾಷ್ಟ್ರದಲ್ಲಿ ವೈದ್ಯಕೀಯ ಸೀಟುಗಳ ರಾಜ್ಯ ಕೋಟಾಕ್ಕೆ ಡೊಮಿಸೈಲ್ ಜತೆಗೆ 10 ಮತ್ತು 12ನೆಯ ತರಗತಿಯನ್ನು ರಾಜ್ಯದಲ್ಲೇ ತೇರ್ಗಡೆಯಾಗಿರಬೇಕೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಕರ್ನಾಟಕದ ಸಿಇಟಿಗೂ ಅಲ್ಲಿ ಕಲಿತ ವರ್ಷಗಳ ಲೆಕ್ಕವಿದೆ. ಎರಡೂ ಕಡೆ ಹಕ್ಕು ಕಳಕೊಂಡು ಮಧ್ಯದಲ್ಲಿ ನಿಲ್ಲದಂತೆ, ಆ ವರ್ಷದ ಮಾಹಿತಿ ಪುಸ್ತಿಕೆ ಓದಿಯೇ ಪಿಯುಸಿ ಸೇರಿಸುವುದು ಒಳಿತು.

ರ‍್ಯಾಗಿಂಗ್ ಭಯವಿರುವ ಹೆತ್ತವರು ತಿಳಿದಿರಬೇಕಾದ ಸಂಗತಿಯೊಂದಿದೆ. ಯುಜಿಸಿ 2009ರ ನಿಯಮಾವಳಿಯಂತೆ ವಿದ್ಯಾರ್ಥಿ ಹಾಗೂ ಹೆತ್ತವರಿಬ್ಬರೂ ಮುಚ್ಚಳಿಕೆ ಬರೆದು ಕೊಡಬೇಕು. ದೂರಿಗೆ 1800-180-5522 ಎಂಬ ಉಚಿತ ಸಹಾಯವಾಣಿಯಿದೆ. ಹಾಸ್ಟೆಲ್ ನೋಡಲು ಹೋದಾಗ ವಾರ್ಡನ್ ಅಲ್ಲೇ ವಾಸವಿರುವರೇ, ಮೆಸ್ ಹೇಗಿದೆ ಎಂಬುದನ್ನು ಅಲ್ಲಿರುವ ಮಕ್ಕಳಲ್ಲೇ ವಿಚಾರಿಸಬೇಕು.

ಕೊನೆಗೆ ನೋಡಬೇಕಾದುದು ಮಕ್ಕಳ ಸ್ವಭಾವ. ಯಾರೂ ಎಬ್ಬಿಸದೆ ಏಳುವ, ಬಟ್ಟೆ ತಾನೇ ಒಗೆದುಕೊಳ್ಳುವ, ಕೈಖರ್ಚಿನ ಲೆಕ್ಕ ಇಡುವ ಮಗುವಿಗೆ ಹಾಸ್ಟೆಲ್ ಹೆದರಿಕೆಯಲ್ಲ. ಇವು ಅಭ್ಯಾಸವಾಗಿರದಿದ್ದರೆ ಮೊದಲ ವರ್ಷ ಮನೆಯಲ್ಲೇ ಕಲಿಸಿ, ಮರುವರ್ಷ ಯೋಚಿಸಬಹುದು. ಹಾಸ್ಟೆಲ್ ಸೇರಿದವರು ಶನಿವಾರ ರಾತ್ರಿ ಮನೆಗೆ ಬಂದು ಎರಡು ಮಾತು ತುಳುವಿನಲ್ಲೋ ಕನ್ನಡದಲ್ಲೋ ಆಡುವಂತಾದರೆ ಮನೆಯ ನಂಟೂ ಭಾಷೆಯ ನಂಟೂ ಉಳಿಯುತ್ತದೆ. ಪ್ರವೇಶದ ಫಾರ್ಮ್ ತುಂಬುವ ಮೊದಲು ತಂದೆ, ತಾಯಿ, ಮಕ್ಕಳು ಜತೆಗೆ ಕುಳಿತು ಹಣದ ಲೆಕ್ಕವನ್ನೂ ಗಂಟೆಗಳ ಲೆಕ್ಕವನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಲಿ.