ಗಂಡಸರಿಗೂ ರಕ್ತಹೀನತೆ: ದುಡಿಮೆಗೆ ಬೀಳುವ ಪೆಟ್ಟು

ರಕ್ತಹೀನತೆ ಎಂದೊಡನೆ ನಮಗೆ ನೆನಪಾಗುವವರು ಗರ್ಭಿಣಿಯರು, ಬಾಣಂತಿಯರು. ಹೆಂಗಸರಲ್ಲಿ ಇದು ಹೆಚ್ಚು ಎಂಬುದು ನಿಜ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವಯಸ್ಸಿನ ಗಂಡಸರಲ್ಲಿ ನಾಲ್ವರಿಗೊಬ್ಬರು ರಕ್ತಹೀನರು. 15ರಿಂದ 19ರ ಹುಡುಗರಲ್ಲಿ ಇದು ಶೇಕಡಾ 31. ದುಡಿಯುವ ಗಂಡಸು ಸುಸ್ತು ಎಂದರೆ 'ಮೈಗಳ್ಳ' ಎನ್ನುವವರೇ ಹೆಚ್ಚು. ರಕ್ತ ಪರೀಕ್ಷೆ ಮಾಡಿಸುವವರು ಕಡಿಮೆ.

ಕೆಂಪು ರಕ್ತಕಣಗಳಲ್ಲಿರುವ ಹಿಮೋಗ್ಲೋಬಿನ್ ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಸ್ನಾಯುಗಳಿಗೆ ಮುಟ್ಟಿಸುತ್ತದೆ. ಇದರ ಪ್ರತಿ ಅಣುವಿನಲ್ಲೂ ಕಬ್ಬಿಣದ ನಾಲ್ಕು ಪರಮಾಣುಗಳಿವೆ. ಕಬ್ಬಿಣ ಸಾಲದಿದ್ದರೆ ಹಿಮೋಗ್ಲೋಬಿನ್ ಕುಗ್ಗುತ್ತದೆ. ವಯಸ್ಕ ಗಂಡಸಿನ 100 ಮಿ.ಲೀ. ರಕ್ತದಲ್ಲಿ ಇದು 13 ಗ್ರಾಂಗಿಂತ ಕಡಿಮೆಯಿದ್ದರೆ ಅದೇ ರಕ್ತಹೀನತೆ. ಆಗ ಸ್ವಲ್ಪ ಭಾರ ಎತ್ತಿದರೂ ಎದೆ ಬಡಿತ ಏರುತ್ತದೆ, ಏದುಸಿರು ಬರುತ್ತದೆ.

ಇದರ ಪೆಟ್ಟು ಕೂಲಿಗೂ ತಟ್ಟುತ್ತದೆಯೇ? ಇಂಡೋನೇಷ್ಯದ ರಬ್ಬರ್ ತೋಟದ ಗಂಡಾಳುಗಳ ಮೇಲೆ ನಡೆದು 1979ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಉತ್ತರ ಕೊಟ್ಟಿತು. ಅಲ್ಲಿನ ಆಳುಗಳಲ್ಲಿ ಶೇಕಡಾ 45 ಮಂದಿ ರಕ್ತಹೀನರು. ರಬ್ಬರ್ ಹಾಲು ಇಳಿಸುವವರಿಗೆ ಇಳಿಸಿದಷ್ಟಕ್ಕೆ ಕೂಲಿ. ರಕ್ತಹೀನರಿಗಿಂತ ಉಳಿದವರು ಸುಮಾರು ಶೇಕಡಾ 20ರಷ್ಟು ಹೆಚ್ಚು ಹಾಲು ಇಳಿಸುತ್ತಿದ್ದರು. ರಕ್ತಹೀನರಿಗೆ ದಿನಕ್ಕೆ 100 ಮಿ.ಗ್ರಾಂ ಕಬ್ಬಿಣವನ್ನು 60 ದಿನ ಕೊಟ್ಟಾಗ ಅವರ ಕೆಲಸವೂ ಹೆಚ್ಚುಕಡಿಮೆ ಉಳಿದವರ ಸಮಕ್ಕೆ ಬಂತು.

ನಮ್ಮಲ್ಲೂ ಅಡಿಕೆ ಸುಲಿಯುವವರು, ಮೂಟೆ ಹೊರುವ ಹಮಾಲರು ಮಾಡಿದಷ್ಟೇ ಕೂಲಿ ಪಡೆಯುತ್ತಾರೆ. ಮೇಲಿನ ಲೆಕ್ಕವನ್ನೇ ಹಿಡಿದರೆ, ರಕ್ತಹೀನತೆಯಿಂದ ದಿನಕ್ಕೆ 400 ರೂಪಾಯಿ ಗಳಿಸುವವನು ಆರೋಗ್ಯವಾಗಿದ್ದರೆ 480 ಗಳಿಸಬಹುದು. ತಿಂಗಳಲ್ಲಿ 25 ದಿನ ದುಡಿದರೆ 2,000 ರೂಪಾಯಿ ವ್ಯತ್ಯಾಸ. ಮಕ್ಕಳ ಪುಸ್ತಕ, ಬಟ್ಟೆಗೆ ಆಗುವ ಹಣವಿದು.

ಪರಿಹಾರ ಕಷ್ಟದ್ದಲ್ಲ. ಬರಿಗಾಲಿನ ಚರ್ಮದ ಮೂಲಕ ಒಳಹೊಕ್ಕು ಕರುಳಿನಲ್ಲಿ ರಕ್ತ ಹೀರುವ ಕೊಕ್ಕೆಹುಳುವನ್ನು ಚಪ್ಪಲಿ, ಶೌಚಾಲಯ ದೂರವಿಡುತ್ತವೆ. ಸೊಪ್ಪು, ಕಾಳುಗಳ ಜೊತೆಗೆ ನಿಂಬೆ, ನೆಲ್ಲಿ ಅಥವಾ ಸೀಬೆ ಇದ್ದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದೊಡನೆ ಕಾಫಿ, ಟೀ ಬೇಡ. ಅವು ಕಬ್ಬಿಣವನ್ನು ತಡೆಯುತ್ತವೆ. ಸರ್ಕಾರಿ ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ ಹುಡುಗಿಯರಿಗಷ್ಟೇ ಅಲ್ಲ, ಹುಡುಗರಿಗೂ ಇದೆ. ಊಟದ ನಂತರ ಅದನ್ನು ತಪ್ಪದೆ ನುಂಗಿ.

ದೊಡ್ಡವರಿಗೆ ಒಂದು ಎಚ್ಚರಿಕೆ. ಗಂಡಸರ ರಕ್ತಹೀನತೆಯ ಹಿಂದೆ ಮೂಲವ್ಯಾಧಿ, ಜಠರದ ಹುಣ್ಣು ಮುಂತಾದ ರಕ್ತಸ್ರಾವ ಅಡಗಿರಬಹುದು. ಟಾನಿಕ್ ಕೊಳ್ಳುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ, ವೈದ್ಯರಿಂದ ಕಾರಣ ತಿಳಿದುಕೊಳ್ಳಿ.