ಚಿತ್ರದ ಕೊನೆ: ಕಂಡಷ್ಟು, ಕಂಡಂತೆ

ಸಾರಾಂಶ ಬರೆಯುವುದು ನಮ್ಮ ವಿದ್ಯಾರ್ಥಿಗಳಿಗೆ ಹೊಸ ವಿಷಯವೇನಲ್ಲ. ಗದ್ಯಭಾಗವೊಂದನ್ನು ಕೊಟ್ಟರೆ ಅದನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸಿ ಬರೆಯಬಲ್ಲರು. ಆದರೆ ನೋಡಿದ ಚಿತ್ರಪಟವೊಂದರ ಕಥೆ ಬರೆಯಿರಿ ಎಂದರೆ, ಮುಕ್ಕಾಲು ಭಾಗವನ್ನು ಚೆನ್ನಾಗಿ ಬರೆದವರೂ ಕೊನೆಗೆ ಬಂದು ಎಡವುತ್ತಾರೆ. ಚಿತ್ರವು ಮುಂದೇನಾಯಿತೆಂದು ಹೇಳದೆ ನಿಂತಿದ್ದರಂತೂ, ಅದು ಹೇಳದ್ದನ್ನು ತಾವೇ ಹೇಳಿ ಮುಗಿಸುತ್ತಾರೆ. ಇದರಲ್ಲಿ ಮಕ್ಕಳ ತಪ್ಪು ಸ್ವಲ್ಪವೇ. ಯಾವ ಕಥೆ ಹೇಳಿದರೂ 'ಇದರ ನೀತಿ ಏನು?' ಎಂದು ಕೇಳಿ ಅಭ್ಯಾಸ ಮಾಡಿಸಿದವರು ದೊಡ್ಡವರಾದ ನಾವೇ ಅಲ್ಲವೇ!

ಗಡಿಭಾಗದಲ್ಲಿರುವ ನಮಗೆ ಇದು ಬರಿಯ ಮಾರ್ಕುಗಳ ಪ್ರಶ್ನೆಯಲ್ಲ. ಗಡಹಿಂಗ್ಲಜದಲ್ಲಿಯೋ ಇಚಲಕರಂಜಿಯಲ್ಲಿಯೋ ಮರಾಠಿ ಚಿತ್ರ ನೋಡಿ ಬಂದ ಹುಡುಗಿ, ಮನೆಯಲ್ಲಿ ಕನ್ನಡವನ್ನಷ್ಟೇ ಬಲ್ಲ ಅಜ್ಜಿಗೆ ಅದರ ಕಥೆ ಹೇಳುತ್ತಾಳೆ. ಅಜ್ಜಿಯ ಪಾಲಿಗೆ ಆ ಚಿತ್ರವೆಂದರೆ ಮೊಮ್ಮಗಳು ಹೇಳಿದ್ದಷ್ಟೇ. ಅವಳು ಒಂದು ಮಾತು ಸೇರಿಸಿದರೆ ಅದೂ ಚಿತ್ರದ್ದೇ ಆಗಿ ಅಜ್ಜಿಯ ಮನಸ್ಸಿನಲ್ಲಿ ಉಳಿಯುತ್ತದೆ.

ಕೆಲವೊಮ್ಮೆ ಚಿತ್ರವೇ ಹೋಗಿ ಸಾರಾಂಶ ಮಾತ್ರ ಉಳಿಯುವುದೂ ಉಂಟು. ನಮ್ಮ ಕೊಲ್ಲಾಪುರದ ಬಾಬುರಾವ್ ಪೇಂಟರ್ ಅವರು 1925ರಲ್ಲಿ 'ಸಾವಕಾರಿ ಪಾಶ' ಎಂಬ ಮೂಕಚಿತ್ರ ತೆಗೆದರು. ಮುಂದೆ ಹೆಸರಾಂತ ನಿರ್ದೇಶಕರಾದ ವಿ. ಶಾಂತಾರಾಮ್ ಅದರಲ್ಲಿ ರೈತನ ಪಾತ್ರ ವಹಿಸಿದ್ದರು. ಆ ಮೂಕಚಿತ್ರ ಇಂದು ನಮಗೆ ನೋಡಲು ಸಿಗದು. 1936ರಲ್ಲಿ ಅದೇ ಕಥೆ ಮಾತಿನ ಚಿತ್ರವಾಗಿ ಮತ್ತೆ ಬಂತೆಂಬುದು ಬೇರೆ ಮಾತು. ಸಾಹುಕಾರನ ಸಾಲಕ್ಕೆ ಸಿಕ್ಕ ರೈತನು ಹೊಲ ಕಳೆದುಕೊಂಡು, ಪಟ್ಟಣ ಸೇರಿ, ಗಿರಣಿಯ ಕೂಲಿಯಾಗುತ್ತಾನೆ ಎಂದು ಆ ಕಥೆಯನ್ನು ಬರೆದಿಟ್ಟಿದ್ದಾರೆ. ನಮಗೆ ದೊರೆತಿರುವುದು ಅಷ್ಟು. ಹಾಗೆ ಬರೆದವರು 'ಗಿರಣಿಯಲ್ಲಿ ದುಡಿದು ಸುಖವಾಗಿದ್ದನು' ಎಂದು ಒಂದು ವಾಕ್ಯ ಸೇರಿಸಿದ್ದರೆ ಅದನ್ನು ಸುಳ್ಳೆಂದು ತೋರಿಸುವವರು ಯಾರು? ಮಗ್ಗದ ಸಪ್ಪಳದಲ್ಲೇ ಬೆಳೆದ ಇಚಲಕರಂಜಿಯ ಹುಡುಗರಿಗೆ ಇಲ್ಲಿ ಸೇರಿಸಲು ಬೇಕಾದಷ್ಟು ಮಾತುಗಳಿರಬಹುದು. ಆದರೆ ಅವು ಅವರ ಮನೆಯ ಮಾತುಗಳೇ ಹೊರತು ಚಿತ್ರದ್ದಲ್ಲ.

ಈಗ ಬಹುಜನರು ನೋಡಿರುವ ಚಿತ್ರವೊಂದನ್ನು ಎತ್ತಿಕೊಳ್ಳೋಣ. ನಾಗರಾಜ ಮಂಜುಳೆಯವರ 'ಫ್ಯಾಂಡ್ರಿ' ಮಹಾರಾಷ್ಟ್ರದ ಚಿತ್ರಮಂದಿರಗಳಿಗೆ ಬಂದದ್ದು 2014ರಲ್ಲಿ. ಫ್ಯಾಂಡ್ರಿ ಎಂದರೆ ಕೈಕಾಡಿ ಭಾಷೆಯಲ್ಲಿ ಹಂದಿ. ಮರಾಠಿಯವರಿಗೆ ಈ ಶಬ್ದ ಅಪರಿಚಿತ. ಹಳಗನ್ನಡದ 'ಪಂದಿ'ಯನ್ನು ಓದಿದ ನಮಗೆ ಮಾತ್ರ ಅದು ನೆಂಟರ ಹಾಗೆ ಕಾಣುತ್ತದೆ! ಶಾಲೆಗೆ ಹೋಗುವ ಜಬ್ಯಾ ಎಂಬ ಹುಡುಗ, ಊರಿನ ಹಂದಿ ಹಿಡಿಯುವ ಕೆಲಸ ಪಾಲಿಗೆ ಬಂದಿರುವ ಅವನ ಮನೆಯವರು, ಅವನು ಮೆಚ್ಚಿದ ಸಹಪಾಠಿ ಶಾಲೂ, ಇವರ ಕಥೆ ಅದು. ಕೊನೆಯ ಭಾಗದಲ್ಲಿ ಮನೆಯವರೊಡನೆ ಜಬ್ಯಾನೂ ಶಾಲೆಯ ಮಕ್ಕಳೆದುರಿಗೆ ಹಂದಿ ಹಿಡಿಯಬೇಕಾಗುತ್ತದೆ. ನೋಡುವವರು ನಗುತ್ತಾರೆ, ಅಣಕಿಸುತ್ತಾರೆ. ಹಿಡಿದ ಹಂದಿಯನ್ನು ಹೊತ್ತು ಹೋಗುವಾಗಲೂ ಅಣಕ ನಿಲ್ಲದು. ಆಗ ಜಬ್ಯಾ ಕಲ್ಲು ಎಸೆಯತೊಡಗುತ್ತಾನೆ. ಅವನೆಸೆದ ಒಂದು ಕಲ್ಲು ನೇರವಾಗಿ ಕ್ಯಾಮರಾದತ್ತ ಬರುತ್ತದೆ. ತೆರೆ ಕಪ್ಪಾಗುತ್ತದೆ.

ಕೊನೆಯೆಂದರೆ ಇಷ್ಟೇ. ಇದನ್ನು ಕೆಲವರು 'ಅಸ್ಪಷ್ಟವಾದ ಕೊನೆ' ಎನ್ನುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಆ ಶಬ್ದ ಸರಿಯಲ್ಲ. ಕಂಡದ್ದರಲ್ಲಿ ಅಸ್ಪಷ್ಟವಾದದ್ದು ಯಾವುದೂ ಇಲ್ಲ: ಹುಡುಗ ಸ್ಪಷ್ಟ, ಕಲ್ಲು ಸ್ಪಷ್ಟ, ಕತ್ತಲೆಯೂ ಸ್ಪಷ್ಟ. ಕಲ್ಲು ಯಾರಿಗೆ ಬಡಿಯಿತು, ಜಬ್ಯಾನ ಗತಿ ಏನಾಯಿತು ಎಂಬುದನ್ನು ಚಿತ್ರ ತೋರಿಸಿಲ್ಲ, ಅಷ್ಟೇ. ಆದುದರಿಂದ ಸಾರಾಂಶ ಬರೆಯುವವನು ಮಬ್ಬುಮಬ್ಬಾಗಿ ಬರೆಯಬೇಕಾಗಿಲ್ಲ. ಕಂಡದ್ದನ್ನು ಖಚಿತವಾಗಿ ಬರೆದು, ಚಿತ್ರ ನಿಂತಲ್ಲಿ ತಾನೂ ನಿಲ್ಲಬೇಕು.

'ಜಬ್ಯಾ ದುಷ್ಟರಿಗೆ ತಕ್ಕ ಶಾಸ್ತಿ ಮಾಡಿದನು' ಎಂದು ಬರೆದರೆ ಏನಾಗುತ್ತದೆ ನೋಡಿರಿ. ಓದಿದವನಿಗೆ ಸಮಾಧಾನವಾಗುತ್ತದೆ, ಅನ್ಯಾಯಕ್ಕೆ ಉತ್ತರ ದೊರೆಯಿತೆಂದು ಪುಸ್ತಕ ಮುಚ್ಚುತ್ತಾನೆ. ಚಿತ್ರ ಕೊಡದಿದ್ದ ಸಮಾಧಾನವನ್ನು ನಾವು ಕೊಟ್ಟಂತಾಯಿತು. 'ಆ ಕಲ್ಲು ನೋಡುವ ನಮ್ಮ ಮೇಲೆಯೇ ಎಸೆದದ್ದು' ಎಂದು ಬಲ್ಲವರು ಅನೇಕರು ಹೇಳಿದ್ದಾರೆ. ಒಳ್ಳೆಯ ಮಾತೇ, ವಿಮರ್ಶೆ ಬರೆಯುವಾಗ ಅವಶ್ಯವಾಗಿ ಬರೆಯಿರಿ. ಸಾರಾಂಶದಲ್ಲಿ ಕಲ್ಲು ಕ್ಯಾಮರಾದತ್ತ ಬಂತೆಂದರೆ ಸಾಕು. ಹಂದಿಯನ್ನು ಹೊತ್ತು ಸಾಗುವಾಗ ಹಿಂದಿನ ಗೋಡೆಯ ಮೇಲೆ ಡಾ. ಅಂಬೇಡ್ಕರ್, ಸಾವಿತ್ರಿಬಾಯಿ ಫುಲೆ ಮೊದಲಾದವರೊಂದಿಗೆ ನಮ್ಮ ಶಾಹೂ ಮಹಾರಾಜರ ಚಿತ್ರವೂ ಕಾಣುತ್ತದೆ. ಅದನ್ನು ಬಿಡಬಾರದು, ಏಕೆಂದರೆ ಅದು ತೆರೆಯ ಮೇಲಿದೆ. 'ಎಂಥ ವಿಪರ್ಯಾಸ!' ಎಂಬುದನ್ನು ಬಿಡಬೇಕು, ಏಕೆಂದರೆ ಅದು ನಮ್ಮ ಬಾಯಿಯಲ್ಲಿದೆ.

ಇಡೀ ವಾಕ್ಯವನ್ನು ಸೇರಿಸುವವರು ಬೇಗ ಸಿಕ್ಕಿಬೀಳುತ್ತಾರೆ. ಸಣ್ಣ ಮಾತುಗಳು ಹಾಗಲ್ಲ, ಕಳ್ಳದಾರಿಯಿಂದ ಬರುತ್ತವೆ. 'ಎಸೆದನು' ಎಂಬುದಕ್ಕೂ 'ಎಸೆದೇಬಿಟ್ಟನು' ಎಂಬುದಕ್ಕೂ ಇರುವ ಅಂತರವನ್ನು ಗಮನಿಸಿರಿ: ಎರಡನೆಯದರಲ್ಲಿ ಬರೆದವನ ಮೆಚ್ಚುಗೆಯೋ ಗಾಬರಿಯೋ ಸೇರಿದೆ. 'ಕೊನೆಗೂ', 'ಪಾಪ' ಎಂಬವೂ ಇದೇ ಜಾತಿಯವು. ವ್ಯಾಕರಣದಲ್ಲಿ ಸಂಭಾವನಾರ್ಥಕ ರೂಪ ಕಲಿತ ಜಾಣರು 'ಕಲ್ಲು ಬಡಿದೀತು' ಎಂದು ಬರೆದು ತಪ್ಪಿಸಿಕೊಳ್ಳಲು ನೋಡುತ್ತಾರೆ. ಊಹೆಯನ್ನು ಊಹೆಯ ರೂಪದಲ್ಲಿ ಬರೆದರೂ ಅದು ಊಹೆಯೇ. 'ಮುಂದಿನದನ್ನು ನಿರ್ದೇಶಕರು ಪ್ರೇಕ್ಷಕರ ಕಲ್ಪನೆಗೆ ಬಿಟ್ಟಿದ್ದಾರೆ' ಎಂಬ ವಾಕ್ಯವನ್ನಂತೂ ನಾವು ಎಷ್ಟೋ ಕಡೆ ಓದಿ ಬೇಸತ್ತಿದ್ದೇವೆ. ನಿರ್ದೇಶಕರು ಯಾವುದನ್ನು ಯಾರಿಗೆ ಬಿಟ್ಟರೆಂಬುದು ತೆರೆಯ ಮೇಲೆ ಎಲ್ಲಿದೆ?

ಇನ್ನೊಂದು ಬಗೆಯ ತಪ್ಪು, ಹೆಚ್ಚು ಓದಿದವರಿಂದ ಆಗುವಂಥದು. ಕಾದಂಬರಿಯನ್ನೋ ಕಥೆಯನ್ನೋ ಆಧರಿಸಿದ ಚಿತ್ರಕ್ಕೆ ಪುಸ್ತಕದ ಕೊನೆಯನ್ನು ಅಂಟಿಸಿಬಿಡುವುದು. ಇದಕ್ಕೆ ಬಂಗಾಳದ ಸತ್ಯಜಿತ್ ರಾಯ್ ಅವರ 'ಚಾರುಲತಾ' (1964) ಒಳ್ಳೆಯ ಉದಾಹರಣೆ. ಅದು ರವೀಂದ್ರನಾಥ ಠಾಕೂರರ 'ನಷ್ಟನೀಡ' ಎಂಬ ಕಥೆಯನ್ನು ಆಧರಿಸಿದ್ದು. ಗಂಡ ಭೂಪತಿ, ಹೆಂಡತಿ ಚಾರು. ಇಬ್ಬರ ನಡುವೆ ಮನಸ್ಸು ಮುರಿದಿದೆ. ಚಿತ್ರದ ಕೊನೆಯಲ್ಲಿ ಭೂಪತಿ ಮನೆಗೆ ಬರುತ್ತಾನೆ. ಚಾರು ಬಾಗಿಲಲ್ಲಿ ನಿಂತು ಒಳಗೆ ಕರೆದು ಕೈ ಚಾಚುತ್ತಾಳೆ. ಅವನೂ ಕೈ ಚಾಚುತ್ತಾನೆ. ಎರಡು ಕೈಗಳು ಕೂಡುವ ಮೊದಲೇ ಚಲಿಸುವ ಚಿತ್ರ ಸ್ತಬ್ಧವಾಗುತ್ತದೆ. ಠಾಕೂರರ ಕಥೆಯ ಕೊನೆಯೇ ಬೇರೆ. ಅಲ್ಲಿ ಭೂಪತಿ ಪತ್ರಿಕೆಯ ಕೆಲಸಕ್ಕಾಗಿ ಹೊರಟಿರುವುದು ಎಲ್ಲಿಗೆಂದು ಬಲ್ಲಿರಾ? ನಮ್ಮ ಮೈಸೂರಿಗೆ! ತನ್ನನ್ನೂ ಕರೆದೊಯ್ಯೆಂದು ಚಾರು ಕೇಳುತ್ತಾಳೆ. ಅವನು ಮೊದಲು ಹಿಂಜರಿದು, ಆಮೇಲೆ ಬಾ ಎಂದಾಗ ಅವಳೇ ಬೇಡವೆನ್ನುತ್ತಾಳೆ. ಮೈಸೂರಿನ ಹೆಸರು ಕಂಡು ಕನ್ನಡಿಗನಿಗೆ ಎಷ್ಟೇ ಹಿಗ್ಗಾದರೂ ಚಿತ್ರದ ಸಾರಾಂಶದಲ್ಲಿ ಅದಕ್ಕೆ ಸ್ಥಳವಿಲ್ಲ. 'ಗಂಡಹೆಂಡಿರು ಒಂದಾದರು' ಎಂಬುದಕ್ಕೂ ಇಲ್ಲ, 'ಒಂದಾಗಲಿಲ್ಲ' ಎಂಬುದಕ್ಕೂ ಇಲ್ಲ. ಕೈಗಳು ಕೂಡುವ ಮೊದಲೇ ಚಿತ್ರ ನಿಂತಿತು ಎಂದು ಬರೆದರೆ ಮುಗಿಯಿತು.

ಪಾಲಕರು ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಮಗನೋ ಮಗಳೋ ಬರೆದ ಸಾರಾಂಶವನ್ನು ಆ ಚಿತ್ರ ನೋಡದವರೊಬ್ಬರ ಮುಂದೆ ಗಟ್ಟಿಯಾಗಿ ಓದಿಸಿರಿ. ಕೇಳಿದವರು 'ಛಲೋ ಆತು ಬಿಡು' ಎಂದು ಎದ್ದು ಹೋದರೆ ಕೊನೆಯ ನಾಲ್ಕು ಸಾಲುಗಳನ್ನು ಮತ್ತೊಮ್ಮೆ ತಿದ್ದಿಸಿರಿ. ಅದರ ಬದಲು ಅಜ್ಜಿ ಅಡಕೊತ್ತನ್ನು ಕೆಳಗಿಟ್ಟು, 'ಅಯ್ಯ, ಕಲ್ಲು ಯಾರಿಗಿ ಬಡೀತು?' ಎಂದು ಕೇಳಿದರೆ, ಬರೆದದ್ದು ಸರಿಯಾಗಿದೆ.